ಕಿವಿಮೇಷ್ಟ್ರಿಗೆ ಕೇಳಿಸದ ಸದ್ದು

ಹಿಂದಿನ ಕಾಲದಲ್ಲಿ ಕೆಲವು ವೀರರಿದ್ದರಂತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಸದ್ದು ಬಂದ ದಿಕ್ಕಿಗೆ ಬಾಣ ಬಿಟ್ಟು ಗುರಿ ಹೊಡೆಯುತ್ತಿದ್ದರಂತೆ. ಈಗ ಅಂಥವರು ಯಾರಿದ್ದಾರೆ ಎಂದು ಕೊರಗುವವರು ಬಸ್ ನಿಲ್ದಾಣದ ಹಿಂದಿನ ಬೀದಿಗೆ ಒಮ್ಮೆ ಹೋಗಿಬರಬೇಕು. ಅಲ್ಲಿ ಚಪ್ಪಲಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಎಂಟಡಿ ಅಗಲದ ಒಂದು ಗೂಡಿದೆ. ಬಾಗಿಲಿಲ್ಲದ ಫ್ರಿಜ್‌ಗಳು, ಫ್ರಿಜ್ ಇಲ್ಲದ ಬಾಗಿಲುಗಳು, ಸುರುಳಿ ಸುತ್ತಿದ ತಾಮ್ರದ ಕೊಳವೆಗಳು. ಈ ಸಾಮ್ರಾಜ್ಯದ ನಟ್ಟನಡುವೆ ಒಂದು ಮುಕ್ಕಾಲಿ, ಮುಕ್ಕಾಲಿಯ ಮೇಲೆ ಐವತ್ತನಾಲ್ಕು ವರ್ಷದ ಒಬ್ಬ ಮನುಷ್ಯ. ಅವರೇ ಕಿವಿಮೇಷ್ಟ್ರು.

ಮೇಷ್ಟ್ರು ಎಂದರೆ ಪಾಠ ಹೇಳಿದವರಲ್ಲ. ಒಂಬತ್ತನೇ ತರಗತಿಗೇ ಪಾಠಗಳಿಗೆ ಕೈಮುಗಿದವರು. ಆದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಎರಡು ನಿಮಿಷ ನಿಂತರೆಂದರೆ, ಒಳಗಿನ ಕಾಯಿಲೆ ತಾನಾಗಿ ಹೊರಗೆ ಬಂದು ತಪ್ಪೊಪ್ಪಿಕೊಳ್ಳುತ್ತಿತ್ತು. "ವಾಲ್ವು," ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ವಾಲ್ವೇ. ಹತ್ತಕ್ಕೆ ಎಂಟು ಸಲವಂತೂ ವಾಲ್ವೇ. ಉಳಿದ ಎರಡನ್ನು ಅವರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ, ನಾವೂ ಕೆದಕುವುದು ಬೇಡ.

ಅಂಗಡಿಗೆ ಒಂದು ನಿಯಮವಿತ್ತು. ಯಾವ ಯಂತ್ರವನ್ನೂ ಬಿಚ್ಚುವ ಮೊದಲು ಅದರ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಬರೆಯಬೇಕು. ಮೇಲಿನ ಸಾಲು, ಒಳಗೆ ಏನು ಕೆಟ್ಟಿದೆ ಎಂಬ ಊಹೆ. ಕೆಳಗಿನದು, ಅದೇ ಆಗಿದ್ದರೆ ಮಾಡುವುದೇನು, ಬೇರೆಯಾಗಿದ್ದರೆ ಮಾಡುವುದೇನು. ಎರಡಕ್ಕೂ ಒಂದೇ ಕೆಲಸವಾದರೆ ಬಿಚ್ಚುವ ಗೋಜೇ ಇಲ್ಲ. ಗಾಳಿಯಾಡದಂತೆ ಮುಚ್ಚಿದ ಡಬ್ಬಿ ಅದು. ಒಮ್ಮೆ ಬಿಚ್ಚಿದರೆ ಗ್ಯಾಸು ಹೋಗುತ್ತದೆ, ತೇವ ಒಳಗೆ ಬರುತ್ತದೆ, ಇದ್ದದ್ದೂ ಕೆಡುತ್ತದೆ. "ಕುತೂಹಲಕ್ಕೆ ಬಿಚ್ಚೋದು ಪಾಪ," ಎಂಬುದು ಅವರ ಏಕೈಕ ವೇದಾಂತ.

ದೀಪದ ಬುಡದಲ್ಲಿ ಕತ್ತಲೆ ಎನ್ನುವಂತೆ, ಇಷ್ಟು ಖ್ಯಾತಿವಂತರ ಮನೆಯ ಫ್ರಿಜ್ ನಾಲ್ಕು ವರ್ಷದಿಂದ ಟಕ್, ಟಕ್‌ಟಕ್ ಎನ್ನುತ್ತಿತ್ತು. ಮೊದಲ ವರ್ಷ ಮೇಷ್ಟ್ರು ಕಿವಿಯಿಟ್ಟು, "ಕೆಳಗಿನ ರಬ್ಬರು," ಎಂದರು. ಎರಡನೆಯ ವರ್ಷ, "ಫ್ಯಾನು." ಮೂರನೆಯ ವರ್ಷ ತಪ್ಪೆಲ್ಲ ನೆಲದ್ದಾಯಿತು, ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟರು. ನಾಲ್ಕನೆಯ ವರ್ಷ, "ಕೆಲವರಿಗೆ ಕೆಮ್ಮು ಇರಲ್ವಾ? ಹಾಗೇ, ಅದರ ಸ್ವಭಾವ," ಎಂದು ಕಡತ ಮುಚ್ಚಿದರು. ಬಿಚ್ಚಿ ಮಾತ್ರ ನೋಡಲಿಲ್ಲ.

ಅವರ ಹೆಂಡತಿಗೆ ಕಡತ ಮುಚ್ಚುವ ಅಭ್ಯಾಸವಿರಲಿಲ್ಲ. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಫೋನ್ ಎತ್ತುತ್ತಿದ್ದವರು ಆಕೆ. ಕತ್ತಲಲ್ಲಿ ಕೂತು ಬೈಯುವ ಜನರ ಬೈಗುಳವನ್ನೆಲ್ಲ ಬೆಣ್ಣೆಯಂಥ ದನಿಯಲ್ಲಿ ನುಂಗಿ, "ದೂರು ದಾಖಲಾಗಿದೆ, ನಂಬರ್ ಬರ್ಕೊಳಿ," ಎನ್ನುತ್ತಿದ್ದರು. ಮನೆಯಲ್ಲೂ ಅದೇ ಪದ್ಧತಿ. ಫ್ರಿಜ್ ಟಕ್ ಎಂದಾಗಲೆಲ್ಲ ಊಟದ ಮೇಜಿನಿಂದ, "ರೀ, ದೂರು ನಂಬರ್ ಅರವತ್ತೊಂದು," ಎಂದು ಘೋಷಣೆಯಾಗುತ್ತಿತ್ತು.

ಏಳು ತಿಂಗಳ ಹಿಂದೆ ಆಕೆಯ ಕುತ್ತಿಗೆಯಲ್ಲಿ ಗಡ್ಡೆಗಳು ಕಾಣಿಸಿಕೊಂಡವು. ಗ್ರಂಥಿಗಳ ಕ್ಯಾನ್ಸರ್ ಎಂದರು. ನಾಲ್ಕು ಸುತ್ತು ಔಷಧ ಕೊಟ್ಟರು. ಕೂದಲು ಉದುರಿತು, ಗಡ್ಡೆಗಳು ಕರಗಿದವು, ಮನೆಯಲ್ಲಿ ಎಲ್ಲರೂ ಉಸಿರುಬಿಟ್ಟರು. ಆಕೆಗೆ ಮಾತ್ರ ಉಸಿರು ಬಿಡುವುದೂ ಎಳೆಯುವುದೂ ಅಲ್ಲಿಂದಲೇ ಕಷ್ಟವಾಯಿತು. ಮೊದಲು ಒಣಕೆಮ್ಮು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಮೆಟ್ಟಿಲು ನೋಡಿದರೇ ಏದುಸಿರು. ಹತ್ತೇ ದಿನದಲ್ಲಿ ಐಸಿಯುವಿನ ನಾಲ್ಕನೆಯ ಹಾಸಿಗೆ. ಮೂಗಿಗೆ ಎರಡು ದಪ್ಪ ನಳಿಗೆ, ಅದರಿಂದ ಬಿರುಗಾಳಿಯಂತೆ ನುಗ್ಗುವ ಆಮ್ಲಜನಕ. ದಿನಕ್ಕೆ ಇನ್ನೂರು ಜನರೊಂದಿಗೆ ಮಾತಾಡುತ್ತಿದ್ದವರು ಮೂರು ಪದಕ್ಕೊಮ್ಮೆ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದರು.

ಮೇಷ್ಟ್ರು ಮೊದಲನೆಯ ದಿನ ಹಾಸಿಗೆಯ ಪಕ್ಕ ನಿಂತು, ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕಿವಿಗೊಟ್ಟರು. ಯಂತ್ರಗಳ ಮಟ್ಟಿಗೆ ಅವರಿಗೆ ಎಲ್ಲ ತಿಳಿಯಿತು: ಆಮ್ಲಜನಕದ ಯಂತ್ರದ ಫ್ಯಾನು ಸ್ವಲ್ಪ ಸವೆದಿದೆ, ಮೂರನೇ ಹಾಸಿಗೆಯ ಪಂಪಿಗೆ ಎಣ್ಣೆ ಬೇಕು, ಏಸಿಯ ನೀರಿನ ಕೊಳವೆ ಕಟ್ಟಿದೆ. ಹೆಂಡತಿಯ ಎದೆಯೊಳಗೆ ಏನಾಗಿದೆ ಎಂಬುದು ಮಾತ್ರ ಒಂದಿಷ್ಟೂ ತಿಳಿಯಲಿಲ್ಲ. ಮೂವತ್ತು ವರ್ಷ ಪಳಗಿದ ಕಿವಿ ಆ ದಿನ ಬರೀ ಕನ್ನಡಕ ಸಿಕ್ಕಿಸುವ ಗೂಟವಾಗಿತ್ತು. ಅದಕ್ಕೊಂದು ಕೆಲಸವಿರಲಿ ಎಂದು ಆಕೆ ಒಂದು ಉಸಿರಿಗೆ ಎಷ್ಟು ಪದ ಆಡುತ್ತಾರೆಂದು ಎಣಿಸತೊಡಗಿದರು.

ಅಲ್ಲಿದ್ದವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಶ್ವಾಸಕೋಶದ ಡಾಕ್ಟರಮ್ಮ. ಓಡುವ ಬೂಟು ಹಾಕಿಕೊಂಡು, ನಿಂತಲ್ಲೇ ಓಡುತ್ತಿರುವಂತೆ ಮಾತಾಡುವ ಗಿಡ್ಡ ಹೆಂಗಸು. ಇನ್ನೊಬ್ಬರು ಐಸಿಯು ನೋಡಿಕೊಳ್ಳುವ ಡಾಕ್ಟರು. ಎತ್ತರದ ಮನುಷ್ಯ, ಒಳ್ಳೆಯ ಸುದ್ದಿಯನ್ನೂ ಸಂತಾಪದ ದನಿಯಲ್ಲೇ ಹೇಳುವವರು. ಮೂರನೆಯ ದಿನ ಡಾಕ್ಟರಮ್ಮ ಗಂಟಲಿನಿಂದ ಕ್ಯಾಮೆರಾ ಇಳಿಸಿ, ಶ್ವಾಸಕೋಶದ ಒಂದು ಮೂಲೆ ತೊಳೆದು, ಆ ನೀರನ್ನು ಪರೀಕ್ಷೆಗೆ ಕಳಿಸಿದ್ದರು. ನೀರಿನಲ್ಲಿ ಏನೂ ಸಿಗಲಿಲ್ಲ. ಆರನೆಯ ದಿನ ಬೆಳಿಗ್ಗೆ ಸ್ಕ್ಯಾನ್ ಚಿತ್ರ ತೋರಿಸಿದರು. ಕಪ್ಪಗಿರಬೇಕಾದ ಕಡೆಯೆಲ್ಲ ಬೆಳ್ಳನೆಯ ಮೋಡ.

"ಮೂರರಲ್ಲಿ ಒಂದು," ಎಂದರು. "ಫಂಗಸ್, ಅಂದ್ರೆ ಬೂಷ್ಟು ಹಿಡಿದಿರಬಹುದು. ಕ್ಯಾನ್ಸರ್ ಔಷಧಾನೇ ಶ್ವಾಸಕೋಶ ಸುಟ್ಟಿರಬಹುದು. ಇಲ್ಲಾಂದ್ರೆ ಗಡ್ಡೆನೇ ಅಲ್ಲಿಗೆ ಬಂದಿರಬಹುದು. ಬೆನ್ನಿನ ಕಡೆಯಿಂದ ಸೂಜಿ ಹಾಕಿ ಅಕ್ಕಿಕಾಳಿನಷ್ಟು ಚೂರು ತೆಗೆದು ನೋಡ್ಬೇಕು. ಬಯಾಪ್ಸಿ."

ಎತ್ತರದ ಡಾಕ್ಟರು ಸಂತಾಪ ಸೂಚಿಸಿದರು. "ರಕ್ತ ಹೆಪ್ಪುಗಟ್ಟಿಸೋ ಕಣಗಳು ಕಮ್ಮಿ ಇವೆ, ಮೊದಲು ಅದನ್ನ ಏರಿಸ್ತೀವಿ. ಆದ್ರೂ ರಕ್ತ ಬರಬಹುದು. ಗಾಳಿ ಸೋರಿ ಶ್ವಾಸಕೋಶ ಮುದುಡಬಹುದು. ಹಾಗಾದ್ರೆ ಗಂಟಲಿಗೆ ನಳಿಗೆ ಹಾಕಿ ವೆಂಟಿಲೇಟರಿಗೆ ಹಾಕಬೇಕಾಗುತ್ತೆ. ಈ ಸ್ಥಿತಿಯಲ್ಲಿ ಒಮ್ಮೆ ಹಾಕಿದ್ರೆ ತೆಗೆಯೋದು ಸುಲಭ ಅಲ್ಲ."

"ಮಾಡದೇ ಇದ್ರೆ?" ಎಂದರು ಮೇಷ್ಟ್ರು.

"ಈಗ ಮೂರಕ್ಕೂ ಸ್ವಲ್ಪ ಸ್ವಲ್ಪ ಕೊಡ್ತಾ ಇದೀವಿ. ಕೊಡ್ತಾ ಇರ್ತೀವಿ."

"ಅದರಲ್ಲಿ ಹುಷಾರಾಗ್ತಾಳಾ?"

"ಇಲ್ಲಿವರೆಗೆ ಆಗಿಲ್ಲ."

ನಾಲ್ಕು ಪುಟದ ಒಪ್ಪಿಗೆ ಪತ್ರ ಮೇಷ್ಟ್ರ ಕೈಗೆ ಬಂತು. ನಾಳೆ ಹನ್ನೊಂದಕ್ಕೆ ಸ್ಕ್ಯಾನ್ ಕೋಣೆ ಖಾಲಿ ಇದೆ, ಇವತ್ತು ಸಂಜೆ ಐದರೊಳಗೆ ತಿಳಿಸಿ ಎಂದರು. ಮೇಷ್ಟ್ರು ಪತ್ರವನ್ನು ಮಡಚಿ ಅಂಗಿ ಜೇಬಿಗಿಟ್ಟುಕೊಂಡರು. ಸೀಮೆಸುಣ್ಣದ ತುಂಡೊಂದು ಮೊದಲೇ ಅಲ್ಲಿತ್ತು.

ಯುದ್ಧಕ್ಕೆ ಮೊದಲು ಮಂತ್ರಾಲೋಚನೆ ನಡೆಯಬೇಕಲ್ಲ. ಕ್ಯಾಂಟೀನಿನಲ್ಲಿ ಜಾಗವಿಲ್ಲದೆ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವಿನ ಮೆಟ್ಟಿಲಿನಲ್ಲಿ ಸಭೆ ಸೇರಿತು. ಸಭಾಸದರು ಮೂವರು: ಮೇಷ್ಟ್ರು, ಅವರ ಮಗಳು, ಹೆಂಡತಿಯ ಅಣ್ಣ. ಈ ಭಾವ ಮೂವತ್ತೈದು ವರ್ಷ ರೇಖಾಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತರಾದದ್ದು ಶಾಲೆಯಿಂದ, ರೇಖಾಗಣಿತದಿಂದಲ್ಲ.

"ದತ್ತಾಂಶ ನೋಡು," ಎಂದರು ಭಾವ, ಗೋಡೆಯ ಮೇಲೆ ಬೆರಳಿನಲ್ಲಿ ತ್ರಿಕೋನ ಬರೆಯುತ್ತ. "ಶ್ವಾಸಕೋಶ ಮೊದಲೇ ಹಾಳಾಗಿದೆ. ಹಾಳಾಗಿರೋದಕ್ಕೆ ತೂತು ಹಾಕಿದ್ರೆ ಇನ್ನೂ ಹಾಳಾಗುತ್ತೆ. ಆದ್ದರಿಂದ ತೂತು ಬೇಡ. ಇಷ್ಟೇ."

ಮಗಳು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುವವಳು. ತಾಯಿಯ ನಾಲಿಗೆ, ತಂದೆಯ ಮೂಗು. "ಮಾವ, ವಿಳಾಸಾನೇ ಇಲ್ಲದ ಪಾರ್ಸೆಲ್‌ನ ಮೂರು ಲಾರಿಗೂ ಸ್ವಲ್ಪ ಸ್ವಲ್ಪ ಹಾಕೋಕಾಗುತ್ತಾ? ಅಮ್ಮಂಗೆ ಈಗ ಮಾಡ್ತಿರೋದು ಅದೇ."

"ಪಾರ್ಸೆಲ್ಲೂ ಅಮ್ಮನೂ ಒಂದೇನಾ?"

"ತ್ರಿಕೋನನೂ ಅಮ್ಮನೂ ಒಂದೇನಾ?"

"ನಿಮ್ಮಪ್ಪ ಹೇಳಲಿ," ಎಂದರು ಭಾವ. ಇಬ್ಬರೂ ಮೇಷ್ಟ್ರ ಕಡೆ ತಿರುಗಿದರು.

ಮೇಷ್ಟ್ರು ಭಾವನ ಮಾತಿಗೂ ತಲೆಯಾಡಿಸಿದ್ದರು, ಮಗಳ ಮಾತಿಗೂ ತಲೆಯಾಡಿಸಿದ್ದರು. ಈಗ ಯಾರ ಮಾತೂ ಇಲ್ಲದಾಗಲೂ ತಲೆ ಆಡುತ್ತಲೇ ಇತ್ತು. "ಮಾಡಿಸೋಣ," ಎಂದರು. ಒಂದು ಮೆಟ್ಟಿಲು ಇಳಿದು, "ಬೇಡ ಅನ್ಸುತ್ತೆ," ಎಂದರು. ಅತ್ತ ದರಿ, ಇತ್ತ ಪುಲಿ ಎಂದು ಹಿರಿಯರು ಹೇಳಿದ್ದಾರೆ. ದರಿ ಯಾವುದು, ಪುಲಿ ಯಾವುದು ಎಂದು ಗೊತ್ತಿದ್ದವನ ಪಾಡಾದರೂ ವಾಸಿ. ಮೇಷ್ಟ್ರಿಗೆ ಅದೇ ಗೊತ್ತಿರಲಿಲ್ಲ. ಸಹಿ ಹಾಕಿ ಆಕೆ ಹೋದರೆ ತಾನು ಕೊಂದಂತೆ, ಹಾಕದೆ ಹೋದರೂ ತಾನೇ ಕೊಂದಂತೆ. ಒಬ್ಬರನ್ನೇ ಎರಡು ಸಲ ಕೊಲ್ಲುವ ಈ ಲೆಕ್ಕ ರೇಖಾಗಣಿತದಲ್ಲೂ ಇದ್ದಂತಿರಲಿಲ್ಲ.

"ಅವಳ ಮುಂದೆ ಮಾತ್ರ ಯಾರೂ ಬಾಯಿ ಬಿಡಬೇಡಿ," ಎಂದರು ಭಾವ. "ಹೆದರಿಕೊಳ್ತಾಳೆ. ಸಣ್ಣ ಟೆಸ್ಟು ಅನ್ನಿ ಸಾಕು." ಈ ಒಂದು ಮಾತಿಗೆ ಸಭೆಯಲ್ಲಿ ಒಮ್ಮತವಿತ್ತು.

ಮೂರು ಗಂಟೆಗೆ ಮೇಷ್ಟ್ರು ಡಾಕ್ಟರಮ್ಮನ ಕೋಣೆಯ ಮುಂದೆ ನಿಂತರು. ಪತ್ರ ಬೆವರಿಗೆ ಮೆತ್ತಗಾಗಿತ್ತು. ಒಳಗೆ ಹೋದಮೇಲೆ ಏನು ಕೇಳಬೇಕೆಂದು ತೋಚದೆ ಸೂಜಿ ಎಷ್ಟು ಉದ್ದ, ಯಾವ ಲೋಹದ್ದು ಎಂದೆಲ್ಲ ಕೇಳಿದರು. ಡಾಕ್ಟರಮ್ಮ ತಾಳ್ಮೆಯಿಂದ ಉತ್ತರಿಸುತ್ತ ಎರಡು ಸಲ ಗಡಿಯಾರ ನೋಡಿದರು. ಆಗ ಮೇಷ್ಟ್ರ ಬೆರಳಿಗೆ ಜೇಬಿನ ಸೀಮೆಸುಣ್ಣ ತಾಗಿತು. ಅದು ತಾಗಿದ್ದೇ ತಡ, ಆರು ದಿನದಿಂದ ಕಳೆದುಹೋಗಿದ್ದ ಮೆಕ್ಯಾನಿಕ್ ಎಲ್ಲಿಂದಲೋ ಮರಳಿ ಬಂದು ಅದೇ ಕುರ್ಚಿಯಲ್ಲಿ ಕೂತ.

"ಮೇಡಂ, ಬಿಚ್ಚಿ ನೋಡ್ತೀರಿ. ಬೂಷ್ಟು ಸಿಕ್ತು ಅಂತಿಟ್ಕೊಳಿ. ಏನ್ ಮಾಡ್ತೀರಿ?"

ಡಾಕ್ಟರಮ್ಮ ಗಡಿಯಾರ ನೋಡುವುದನ್ನು ಬಿಟ್ಟರು. "ಬೂಷ್ಟಿನ ಔಷಧ ಜೋರಾಗಿ ಕೊಡ್ತೀನಿ. ಸ್ಟೀರಾಯ್ಡ್ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಇಳಿಸ್ತೀನಿ."

"ಔಷಧ ಸುಟ್ಟಿದ್ದು ಅಂತ ಸಿಕ್ರೆ?"

"ಸ್ಟೀರಾಯ್ಡ್ ಪೂರ್ತಿ ಜೋರು."

"ಅಂದ್ರೆ ಒಂದಕ್ಕೆ ಬೇಕಾಗಿರೋದು ಇನ್ನೊಂದಕ್ಕೆ ವಿಷ."

"ವಿಷ ಅಲ್ಲ, ಆದ್ರೆ ಬೂಷ್ಟಿಗೆ ಅದು ಗೊಬ್ಬರ. ಅದಕ್ಕೇ ಈಗ ಅರೆಬರೆ ಕೊಡ್ತಾ ಇರೋದು."

"ಮೂರನೇದು?"

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. "ಗಡ್ಡೆ ಅಲ್ಲಿಗೇ ಬಂದಿದ್ರೆ, ಕ್ಯಾನ್ಸರ್ ಡಾಕ್ಟರ ಹತ್ರ ಇನ್ನೊಂದು ಔಷಧ ಇದೆ. ಭರವಸೆ ಕಮ್ಮಿ. ಆಗ ಯಂತ್ರಗಳನ್ನ ಹೆಚ್ಚಿಸದೆ, ಉಸಿರಿನ ಸಂಕಟ ಮಾತ್ರ ಕಮ್ಮಿ ಮಾಡೋ ದಾರೀನೂ ಇದೆ. ಅದನ್ನ ಕೂತು ಮಾತಾಡ್ಬೇಕಾಗುತ್ತೆ."

ಮೂರು ಊಹೆ, ಮೂರು ಬೇರೆ ಬೇರೆ ಕೆಲಸ. ಇದು ಬಿಚ್ಚಬಹುದಾದ ಪೆಟ್ಟಿಗೆ. ಆದರೆ ಮೇಷ್ಟ್ರಿಗೆ ಇನ್ನೊಂದು ಕೇಳದೆ ಸಮಾಧಾನವಿಲ್ಲ. "ಬಿಚ್ಚಿದ್ಮೇಲೂ ಏನೂ ಸಿಗದೇ ಹೋದ್ರೆ?"

"ಅದೂ ಆಗೋದುಂಟು."

"ನಿಮ್ಮ ಊಹೆ ಏನು?"

"ಗೊತ್ತಿಲ್ಲ."

ಮೂವತ್ತು ವರ್ಷದ ವೃತ್ತಿಜೀವನದಲ್ಲಿ ಗಿರಾಕಿಯ ಮುಖ ನೋಡಿ ಆ ಪದ ಹೇಳಿದ ಮೆಕ್ಯಾನಿಕ್ಕನ್ನು ಮೇಷ್ಟ್ರು ಕಂಡಿರಲಿಲ್ಲ. ಕನ್ನಡಿಯಲ್ಲಂತೂ ಕಂಡೇ ಇರಲಿಲ್ಲ. ಅವರಿಗೆ ಈಕೆಯ ಮೇಲೆ ತಟ್ಟನೆ ನಂಬಿಕೆ ಬಂತು, ಬಂದದ್ದಕ್ಕೆ ಗಾಬರಿಯೂ ಆಯಿತು.

"ಪೇಷಂಟ್ ಏನಂತಾರೆ?" ಎಂದು ಕೇಳಿದರು ಡಾಕ್ಟರಮ್ಮ.

"ಭಾವ ಬೇಡ ಅಂತಾರೆ. ಮಗಳು..."

"ನಾನು ಕೇಳಿದ್ದು ಪೇಷಂಟ್ ಬಗ್ಗೆ. ಬೆಳಿಗ್ಗೆ ನಾನು ಹೇಳೋಕೆ ಹೋದಾಗ ನಿಮ್ಮ ಭಾವ ಪರದೆ ಹಿಂದಿಂದ ಕೈಬೀಸಿ ಬೇಡ ಅಂದ್ರು. ನೀವು ಹೇಳ್ತೀರಿ ಅಂತ ಬಿಟ್ಟೆ. ಅವರಿಗೆ ಪೂರ್ತಿ ಎಚ್ಚರ ಇದೆ. ಶ್ವಾಸಕೋಶ ಅವರದು."

ಮೇಷ್ಟ್ರು ಜೇಬಿನ ಪತ್ರ ಮುಟ್ಟಿಕೊಂಡರು. ಬೆಳಗಿನಿಂದ ಆ ಪತ್ರ ಮೆಟ್ಟಿಲು ಹತ್ತಿತ್ತು, ಮೆಟ್ಟಿಲು ಇಳಿದಿತ್ತು, ಕ್ಯಾಂಟೀನಿನ ಬಾಗಿಲವರೆಗೂ ಹೋಗಿಬಂದಿತ್ತು. ಚಹಾ ಕೊಡುವವನೂ, "ಯೋಚನೆ ಮಾಡ್ಬೇಡಿ ಸರ್, ಮಾಡ್ಸಿಬಿಡಿ," ಎಂದು ತನ್ನ ಮತ ಚಲಾಯಿಸಿದ್ದ. ನಾಲ್ಕನೇ ಹಾಸಿಗೆಯೊಂದಕ್ಕೇ ಅದು ಹೋಗಿರಲಿಲ್ಲ.

ನಾಲ್ಕು ಗಂಟೆಗೆ ಒಬ್ಬರನ್ನು ಒಳಗೆ ಬಿಟ್ಟರು. ಮೇಷ್ಟ್ರು ಮೇಲಂಗಿ ತೊಟ್ಟು, ಕೈ ತೊಳೆದು, ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತರು. ಹೇಗೆ ಶುರುಮಾಡುವುದೆಂದು ತಡವರಿಸುತ್ತಿರುವಾಗ ಆಕೆಯೇ ಶುರುಮಾಡಿದರು.

"ಪೇಪರ್ ಎಲ್ಲಿ?"

"ಯಾವ ಪೇಪರು?"

"ಜೇಬಲ್ಲಿ ಇರೋದು." ಗಾಳಿ ಎಳೆದುಕೊಂಡರು. "ಅಣ್ಣನ ಪಿಸುಮಾತು..." ಮತ್ತೊಮ್ಮೆ. "ಕೊನೇ ಬೆಂಚಿಗೂ ಕೇಳುತ್ತೆ." ಮತ್ತೊಮ್ಮೆ. "ಪರದೆ ಬಟ್ಟೇದು ರೀ."

ಎರಡು, ಎರಡು, ಮೂರು, ಮೂರು ಎಂದು ಮೇಷ್ಟ್ರ ಕಿವಿ ತನ್ನಷ್ಟಕ್ಕೆ ಎಣಿಸಿತು. ಅವರು ಪತ್ರ ತೆಗೆದು ಹೊದಿಕೆಯ ಮೇಲೆ ಬಿಡಿಸಿಟ್ಟರು. ಗಿರಾಕಿಗೆ ಹೇಳುವ ಹಾಗೆ ಒಂದೊಂದಾಗಿ ಹೇಳಿದರು: ಬೂಷ್ಟಾದರೆ ಇದು, ಸುಟ್ಟದ್ದಾದರೆ ಅದು, ಗಡ್ಡೆಯಾದರೆ... ಅಲ್ಲಿ ದನಿ ಒಮ್ಮೆ ಜಾರಿತು, ಎತ್ತಿ ನಿಲ್ಲಿಸಿದರು. ಸೂಜಿ ಹೇಳಿದರು, ರಕ್ತ ಹೇಳಿದರು, ನಳಿಗೆಯನ್ನೂ ಹೇಳಿದರು. ಆಕೆ ಕರೆಂಟು ಹೋದವರ ಮಾತು ಕೇಳುವ ಹಾಗೆ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

"ಫ್ರಿಜ್ ಸದ್ದು... ಇದೆಯಾ?"

"ಇದೆ. ಈಗ ಅದ್ಯಾಕೆ?"

"ನಾಲ್ಕು ವರ್ಷ... ಕಿವಿ ಇಟ್ರಿ. ಬಿಚ್ಚಲಿಲ್ಲ. ಯಾಕೆ?"

ಮೇಷ್ಟ್ರು ಏಸಿಯ ಕೊಳವೆ ನೋಡಿದರು. ಸುಳ್ಳು ಹೇಳುವುದಕ್ಕೆ ಜಾಗ ಪ್ರಶಸ್ತವಾಗಿರಲಿಲ್ಲ. "ಊರವರ ಫ್ರಿಜ್‌ನಲ್ಲಿ ನನ್ನ ಊಹೆ ತಪ್ಪಾದ್ರೆ ಅವರು ಮರೀತಾರೆ. ನಮ್ಮನೇದು ತಪ್ಪಾದ್ರೆ ನೀನು ಜೀವಮಾನ ಎಲ್ಲ ಹೇಳ್ತೀಯ."

ಆಕೆಗೆ ನಗು ಬಂತು. ನಗುವಷ್ಟು ಗಾಳಿ ಇರಲಿಲ್ಲ. ಯಂತ್ರ ಕಿರುಚಿತು, ನರ್ಸ್ ಓಡಿಬಂದು ಗುಂಡಿ ಒತ್ತಿ ಇಬ್ಬರನ್ನೂ ಗದರಿಸಿ ಹೋದಳು.

"ಪೆನ್ನು ಕೊಡಿ," ಎಂದರು ಆಕೆ ಸುಧಾರಿಸಿಕೊಂಡು. "ಸಹಿ ನಂದು. ನಿಮ್ಮ ತಲೆಮೇಲೆ... ಬೇಡ."

ಮೇಷ್ಟ್ರು ಪೆನ್ನು ಕೊಡಲಿಲ್ಲ. "ಏನಾದ್ರೂ ಆದ್ರೆ?"

"ಹೀಗೇ ಇದ್ರೂ... ಆಗ್ತಾ ಇದೆ. ಗೊತ್ತಾಗಿ ಆಗಲಿ." ಮತ್ತೆ ಗಾಳಿ ಎಳೆದುಕೊಂಡು, "ವೆಂಟಿಲೇಟರ್... ಹತ್ತು ದಿನ. ಹನ್ನೊಂದನೇ ದಿನ... ಅಣ್ಣ ಯಾವ... ಪ್ರಮೇಯ ಹೇಳಿದ್ರೂ... ನನ್ನ ಬಿಡಬೇಕು. ಬರೀರಿ ಅದನ್ನ."

ಎತ್ತರದ ಡಾಕ್ಟರನ್ನು ಕರೆಸಿದರು. ಅವರು ಅದೇ ಮಾತನ್ನು ಆಕೆಯಿಂದ ಇನ್ನೊಮ್ಮೆ ಹೇಳಿಸಿಕೊಂಡು ಫೈಲಿನಲ್ಲಿ ಬರೆದರು. ಆಕೆ ಸಹಿ ಹಾಕಿದರು. ಅಕ್ಷರಗಳು ಗುಡ್ಡ ಇಳಿದಂತೆ ಇಳಿದವು. ಮುಗಿಯಿತೆಂದು ಮೇಷ್ಟ್ರು ಏಳುತ್ತಿದ್ದಾಗ ಆಕೆ ತೋಳು ಹಿಡಿದು ಎಳೆದರು.

"ಊಹೆ ಬರೀರಿ. ಅಂಗಡಿ ನಿಯಮ."

ಟಿಶ್ಯೂ ಪೇಪರಿನ ಡಬ್ಬಿಯ ರಟ್ಟಿನ ಮೇಲೆ ಮೇಷ್ಟ್ರು ಸೀಮೆಸುಣ್ಣದಲ್ಲಿ, "ಬೂಷ್ಟು" ಎಂದು ಬರೆದರು. ಫ್ರಿಜ್ ಬಾಗಿಲಿನ ರಬ್ಬರಿನಲ್ಲಿ ಅವರು ಜೀವಮಾನವಿಡೀ ನೋಡಿದ್ದು ಅದನ್ನೇ. ಕೈಗೆ ಪರಿಚಯದ ಪದ ಬಂತು. ಆಕೆ ಅದನ್ನು ಓದಿ, ಒಂದು ಚೀಟಿ ಕೇಳಿ ಪಡೆದು, ಕೈ ಅಡ್ಡ ಹಿಡಿದು ತಾವೂ ಏನೋ ಗೀಚಿ, ನಾಲ್ಕು ಮಡಿಕೆ ಮಾಡಿ ನರ್ಸಿನ ಕೈಗೆ ಕೊಟ್ಟರು. "ಉತ್ತರ ಬಂದ್ಮೇಲೆ... ಬಿಚ್ಚಿ."

ಸಹಿ ಯಾರದೆಂದು ಕೇಳಿ ಭಾವ ಗೋಡೆಯ ಮೇಲೆ ಅರ್ಧ ತ್ರಿಕೋನ ಬರೆದು ನಿಲ್ಲಿಸಿದರು. "ಅವಳೇ ಹಾಕಿದ್ಲಾ?" ಎಂದರು. ಆಮೇಲೆ, "ಸಣ್ಣವಳಿದ್ದಾಗಿಂದ ಹಾಗೇ," ಎಂದು, ಯಾರಿಗೂ ಬೇಡದ ನೀರಿನ ಬಾಟಲಿ ತರಲು ಹೋದರು.

ಮಾರನೆಯ ದಿನ ಹನ್ನೊಂದಕ್ಕೆ ಆಕೆಯನ್ನು ಯಂತ್ರಗಳ ಪರಿವಾರದೊಂದಿಗೆ ಸ್ಕ್ಯಾನ್ ಕೋಣೆಗೆ ಕರೆದೊಯ್ದರು. ಬಾಗಿಲು ಸೀಸದ್ದು. ಮೇಷ್ಟ್ರು ಬೆಂಚಿನಿಂದ ಎದ್ದು ಅದಕ್ಕೆ ಕಿವಿಯಿಟ್ಟರು. ಏನೂ ಕೇಳಲಿಲ್ಲ. ಇನ್ನೊಂದು ಕಿವಿಯಿಟ್ಟರು. "ಅಪ್ಪ, ಬಂದು ಕೂತ್ಕೋ," ಎಂದಳು ಮಗಳು. ಕೂತರು. ಮಾಡಿಸಿದ್ದು ಸರಿ ಎನಿಸಿತು. ಒಂದು ನಿಮಿಷದಲ್ಲಿ ತಪ್ಪು ಎನಿಸಿತು. ಎದುರಿನ ಗಡಿಯಾರದ ಪ್ರತಿ ಟಿಕ್ಕಿಗೂ ಅವರ ಅಭಿಪ್ರಾಯ ಬದಲಾಗುತ್ತಿತ್ತು. ಗಡಿಯಾರ ನಿಧಾನವಾಗಿ ಓಡುತ್ತಿದೆ ಎಂದು ಬೇರೆ ಅನುಮಾನ.

ಮೂರು ಚೂರು ಸಿಕ್ಕವು, ರಕ್ತ ಹೆಚ್ಚು ಬರಲಿಲ್ಲ. ಆದರೆ ಗಾಳಿ ಸೋರಿತು. ಎಡಗಡೆಯ ಶ್ವಾಸಕೋಶ ಒಂದು ಬದಿ ಮುದುಡಿತು. ಪಕ್ಕೆಲುಬಿನ ನಡುವೆ ಒಂದು ಕೊಳವೆ ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಡಬ್ಬಿಗೆ ಇಳಿಸಿದರು. ಆಮ್ಲಜನಕದ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದರು. ವೆಂಟಿಲೇಟರನ್ನು ಹಾಸಿಗೆಯ ಪಕ್ಕಕ್ಕೆ ತಳ್ಳಿ ತಂದು, ಎತ್ತರದ ಡಾಕ್ಟರು ಕೈಕಟ್ಟಿ ನಿಂತರು. ಆಕೆಯ ಬಾಯಿಂದ ಒಂದು ಉಸಿರಿಗೆ ಒಂದೇ ಪದ. ಆಮೇಲೆ ಅದೂ ಇಲ್ಲ. ಭಾವ, "ನಾನು ಹೇಳಿರಲಿಲ್ವಾ?" ಎಂದು ಕೇಳಲಿಲ್ಲ. ಕೇಳಿದ್ದರೆ ಮೇಷ್ಟ್ರಿಗೆ ಸ್ವಲ್ಪ ಹಗುರವಾಗುತ್ತಿತ್ತು.

ನೀರಿನ ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು. ಈ ಒಂದು ಸದ್ದು ಮೇಷ್ಟ್ರಿಗೆ ಅರ್ಥವಾಗುವಂಥದ್ದು. ಸೋರುವ ಕೊಳವೆಯನ್ನು ಅವರೂ ನೀರಿಗಿಟ್ಟೇ ನೋಡುವವರು. ಎರಡು ಗಂಟೆಗೆ ಬಿಡದೆ ಗುಳ್ಳೆ. ಮೂರಕ್ಕೆ ಕೆಮ್ಮಿದಾಗ ಮಾತ್ರ. ಐದಕ್ಕೆ ಎತ್ತರದ ಡಾಕ್ಟರು ವೆಂಟಿಲೇಟರನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿ, ತೀರಿಕೊಂಡವರ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಸದ್ಯಕ್ಕೆ ಬೇಡ," ಎಂದರು. ಆ ದನಿ ಕೇಳಿ ಮೇಷ್ಟ್ರು ಎಲ್ಲ ಮುಗಿಯಿತೆಂದುಕೊಂಡರು. ಮಗಳು ಅರ್ಥ ಬಿಡಿಸಿ ಹೇಳಬೇಕಾಯಿತು.

ಚೂರಿನ ಉತ್ತರ ಬರಲು ಮೂರು ದಿನ. ಎರಡನೆಯ ದಿನ ಬೆಳಿಗ್ಗೆ ಮೇಷ್ಟ್ರು ಬಟ್ಟೆ ಬದಲಿಸಲು ಮನೆಗೆ ಹೋದರು. ಖಾಲಿ ಅಡುಗೆಮನೆಯಲ್ಲಿ ಫ್ರಿಜ್ ಸ್ವಾಗತಿಸಿತು: ಟಕ್, ಟಕ್‌ಟಕ್. ಮೇಷ್ಟ್ರು ಸ್ಕ್ರೂಡ್ರೈವರ್ ತಂದರು. ಕಿವಿಗಿಡಲಿಲ್ಲ. ಅದನ್ನು ಹಿಂದಕ್ಕೆ ತಿರುಗಿಸಿ, ತಟ್ಟೆ ಕಳಚಿ, ಫ್ಯಾನು ಬಿಚ್ಚಿ, ರಬ್ಬರು ಬಿಚ್ಚಿ, ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಿದರು. ರಬ್ಬರು ಗಟ್ಟಿಮುಟ್ಟಾಗಿತ್ತು. ಫ್ಯಾನು ಸರಿಯಿತ್ತು. ನೆಲವೂ ಸಮವಾಗಿತ್ತು, ಪಾಪ, ಮೂರನೆಯ ವರ್ಷದ ಆರೋಪ ಸುಳ್ಳು. ಎಲ್ಲಿಯೂ ಏನೂ ಕೆಟ್ಟಿರಲಿಲ್ಲ. ಮತ್ತೆ ಎಲ್ಲವನ್ನೂ ಜೋಡಿಸಿ ಸ್ವಿಚ್ ಹಾಕಿದರು. ಸದ್ದಿಲ್ಲ. ಹತ್ತು ನಿಮಿಷ ಕಾದರು, ಇಪ್ಪತ್ತು ನಿಮಿಷ ಕಾದರು. ಸದ್ದೇ ಇಲ್ಲ. ಅಂಗೈಯಲ್ಲಿ ಒಂದು ಸ್ಕ್ರೂ ಉಳಿದಿತ್ತು. ಅದು ಎಲ್ಲಿಯದೆಂದು ಎಷ್ಟು ಹುಡುಕಿದರೂ ಖಾಲಿ ತೂತು ಸಿಗಲಿಲ್ಲ. ಮೇಷ್ಟ್ರು ಅದನ್ನು ಸೀಮೆಸುಣ್ಣದ ಜೊತೆ ಜೇಬಿಗಿಟ್ಟುಕೊಂಡು ಆಸ್ಪತ್ರೆಗೆ ಹೊರಟರು.

ಉತ್ತರ ಬಂದದ್ದು ಮೂರನೆಯ ದಿನ ಮಧ್ಯಾಹ್ನ. ಡಾಕ್ಟರಮ್ಮ ಈ ಸಲ ನಿಜವಾಗಿಯೇ ಓಡಿಬಂದರು. ಬೂಷ್ಟಲ್ಲ. ಗಡ್ಡೆಯೂ ಅಲ್ಲ. ಗಡ್ಡೆ ಕರಗಿಸಿದ ಔಷಧವೇ ಶ್ವಾಸಕೋಶವನ್ನು ಸುಟ್ಟಿತ್ತು. "ಬೂಷ್ಟಿನ ಔಷಧ ಇವತ್ತೇ ನಿಲ್ಲಿಸ್ತೀವಿ, ಸ್ಟೀರಾಯ್ಡ್ ಇವತ್ತೇ ಜೋರು," ಎಂದರು. ನರ್ಸ್ ನೆನಪಿಟ್ಟುಕೊಂಡು ಫೈಲಿನಿಂದ ಚೀಟಿ ತೆಗೆದುಕೊಟ್ಟಳು. ಮೇಷ್ಟ್ರು ಬಿಡಿಸಿದರು. ಇಳಿಜಾರು ಅಕ್ಷರಗಳಲ್ಲಿ ಒಂದೇ ಸಾಲಿತ್ತು: "ಇವರು ಬರೆದದ್ದಂತೂ ಅಲ್ಲ."

ಮಗಳು ನಕ್ಕಳು. ಭಾವ ಚೀಟಿಯನ್ನು ಎರಡು ಸಲ ಓದಿ, "ಇದನ್ನ ಉತ್ತರ ಅಂತ ಒಪ್ಪೋಕಾಗಲ್ಲ," ಎಂದರು, ಕಣ್ಣು ಒರೆಸಿಕೊಳ್ಳುತ್ತ.

ಸ್ಟೀರಾಯ್ಡ್ ಜೋರು ಮಾಡಿದ ಎಂಟನೆಯ ದಿನಕ್ಕೆ ಪಕ್ಕೆಯ ಕೊಳವೆ ಹೋಗಿತ್ತು, ಆಮ್ಲಜನಕ ಅರ್ಧಕ್ಕೆ ಇಳಿದಿತ್ತು, ಆಕೆಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಆದರೆ ಗಡ್ಡೆ ಕರಗಿಸಿದ ಔಷಧವನ್ನು ಇನ್ನು ಕೊಡುವಂತಿರಲಿಲ್ಲ. ಮುಂದೇನು ಎಂದರೆ ಕ್ಯಾನ್ಸರ್ ಡಾಕ್ಟರು, "ಮೊದಲು ಉಸಿರು ಸರಿಹೋಗಲಿ, ಯೋಚಿಸೋಣ," ಎನ್ನುತ್ತಿದ್ದರು. ಬದುಕಿಸಿದ್ದೇ ಸುಟ್ಟಿತು, ಸುಟ್ಟದ್ದನ್ನು ಕಂಡುಹಿಡಿಯಲು ಹಾಕಿದ ತೂತು ಬದುಕಿಸಿತು. ಇದರಲ್ಲಿ ಯಾವುದಕ್ಕೆ ಕೈಮುಗಿಯಬೇಕು, ಯಾವುದನ್ನು ಬೈಯಬೇಕು ಎಂಬುದು ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ.

"ಫ್ರಿಜ್ ಬಿಚ್ಚಿದೆ," ಎಂದರು ಕುರ್ಚಿಯ ಪಕ್ಕ ಕೂತು.

"ಹೌದಾ? ಏನಾಗಿತ್ತಂತೆ ಅದಕ್ಕೆ?"

"ಏನೂ ಸಿಗಲಿಲ್ಲ. ಸದ್ದು ನಿಂತಿದೆ."

"ಹೇಗೆ ನಿಂತಿತು ಮತ್ತೆ?"

ಮೇಷ್ಟ್ರು ಸ್ಕ್ರೂ ತೆಗೆದು ಆಕೆಯ ಅಂಗೈಯಲ್ಲಿಟ್ಟರು. "ಗೊತ್ತಿಲ್ಲ."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ಬಾಯಿಂದ ಆ ಪದ ಬಂದದ್ದು ಮೊದಲ ಸಲ. ಆಕೆ ಗಂಡನ ಮುಖವನ್ನೂ ಸ್ಕ್ರೂವನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ ಕಚೇರಿಯ ದನಿ ತೆಗೆದರು. ಬೆಣ್ಣೆ ಪೂರ್ತಿ ಇರಲಿಲ್ಲ, ಇದ್ದಷ್ಟು ಇತ್ತು.

"ದೂರು ಮುಚ್ಚೋ ಹಾಗಿಲ್ಲ," ಎಂದು ನಿಂತು, ಗಾಳಿ ತುಂಬಿಕೊಂಡು, "ಆ ಸ್ಕ್ರೂ ಎಲ್ಲೀದು ಅಂತ ನಾನೇ ಬಂದು ನೋಡ್ತೀನಿ," ಎಂದರು.

ಕಿವಿಮೇಷ್ಟ್ರು ಕಣ್ಣು ಮುಚ್ಚಿ ಎಣಿಸಿದರು. ಒಂದೇ ಉಸಿರಿಗೆ ಏಳು ಪದ. ತಪ್ಪಿರಬಹುದೇನೋ ಎಂದು ಅನುಮಾನವಾಯಿತು. ಇತ್ತೀಚೆಗೆ ಆ ಕಿವಿಯ ಮೇಲೆ ಅವರಿಗೆ ಅಷ್ಟು ನಂಬಿಕೆಯಿರಲಿಲ್ಲ.

"ಇನ್ನೊಂದ್ಸಲ ಹೇಳು," ಎಂದರು.